ಟೇಬಲ್ಲಿನ ಆಚೆ ಈಚೆ: ಎಚ್‌ಐವಿ ದವಾಖಾನೆಯಲ್ಲಿ ಕೊರೊನಾ ತಪಾಸಣೆ



ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡು ಅಂತ ಸಂಘದ ಅಣ್ಣಂದಿರು ಹೇಳಿದರು. ಇತಿಹಾಸ ಅಂದರೆ ನಮ್ಮ ಬಿ.ಎ. ಪುಸ್ತಕದಲ್ಲಿ ರಾಜರು, ಯುದ್ಧಗಳು, ಒಪ್ಪಂದಗಳು. ನಾನು ಆರಿಸಿಕೊಂಡದ್ದು ದವಾಖಾನೆಯ ಇತಿಹಾಸ. ಅದರಲ್ಲೂ ಒಂದು ಸಣ್ಣ ತುಣುಕು: ಕೊರೊನಾ ಬಂದಾಗ ಎಚ್‌ಐವಿ ದವಾಖಾನೆಗಳಲ್ಲಿ, ಅಂದರೆ ಎಆರ್‌ಟಿ ಕೇಂದ್ರಗಳಲ್ಲಿ, ರೋಗಿಗಳಿಗೂ ಸಿಬ್ಬಂದಿಗೂ ನಡೆದ ತಪಾಸಣೆ.

ಇದೇನು ವಿಷಯ ಅಂತ ಕೆಲವರು ಕೇಳಬಹುದು. ನಮ್ಮ ಜತ್ತ ಭಾಗದ ದಲಿತ ಓಣಿಗಳಲ್ಲಿ ಎಚ್‌ಐವಿ ಹೊಸ ಮಾತಲ್ಲ. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಜಾತಿಗಳವರೇ. ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ಮಾಡಿದವು. ಮಹಾರಾಷ್ಟ್ರದ ಕಾಯ್ದೆ ಬರುವುದರೊಳಗೆ ರೋಗ ಬಂದಿತ್ತು. ಮುಂಬೈ, ಪುಣೆ, ಸಾಂಗ್ಲಿಗೆ ದುಡಿಯಲು ಹೋದವರ ಜೊತೆಗೂ ಬಂತು. ಆದರೂ ಅದರ ಬಗ್ಗೆ ನಾವು ಬಾಯಿ ಬಿಟ್ಟು ಮಾತಾಡಿದ್ದು ಕಡಿಮೆ. ಕೊರೊನಾ ಬಗ್ಗೆ ಮಾತ್ರ ಎಲ್ಲರೂ ಮಾತಾಡಿದೆವು. ಈ ಎರಡೂ ರೋಗಗಳು ಒಂದೇ ಬಾಗಿಲಲ್ಲಿ ಎದುರಾದಾಗ ಏನಾಯಿತು ಅನ್ನುವುದೇ ಈ ಲೇಖನ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ತಪಾಸಣೆ ಅಂದರೆ ಬರೀ ಸೂಜಿ, ಶೀಶೆ, ಮಶೀನು ಅಲ್ಲ. ತಪಾಸಣೆ ಮಾಡಿಸಿಕೊಂಡವನಿಗೆ ಆಮೇಲೆ ಏನು ಸಿಗುತ್ತದೆ, ಔಷಧಿಯೋ ಅವಮಾನವೋ, ಅದನ್ನು ನೋಡಿಯೇ ಮಂದಿ ಮುಂದೆ ಬರುತ್ತಾರೆ, ಇಲ್ಲವೇ ಮನೆಯಲ್ಲಿ ಅಡಗುತ್ತಾರೆ. ಈ ಪಾಠವನ್ನು ಎಚ್‌ಐವಿ ದವಾಖಾನೆಗಳು ಮೂವತ್ತು ವರ್ಷ ಕಷ್ಟಪಟ್ಟು ಕಲಿತವು.

1897: ಹೊತ್ತುಕೊಂಡು ಹೋದವರು, ಹುಡುಕಿಕೊಂಡು ಬಂದವರು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಶುರುವಾಯಿತು. ಬ್ರಿಟಿಷ್ ಸರಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಅದೇ ಕಾಯ್ದೆಯನ್ನು 2020ರಲ್ಲಿ ಕೊರೊನಾಕ್ಕೂ ಬಳಸಿದರು ಅನ್ನುವುದನ್ನು ನೆನಪಿಡಿ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೋಲ್ಜರುಗಳು ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಹೆಂಗಸರನ್ನೂ ಮೈ ಮುಟ್ಟಿ ತಪಾಸಣೆ ಮಾಡಿದರು ಅಂತ ಜನ ರೊಚ್ಚಿಗೆದ್ದರು. ಕ್ಯಾಂಪಿಗೆ ಎಳೆದೊಯ್ಯುತ್ತಾರೆ ಅಂತ ಹೆದರಿ ರೋಗಿಗಳನ್ನು ಮುಚ್ಚಿಟ್ಟರು. ಜೂನ್ 22ರಂದು ರ‍್ಯಾಂಡ್ ಮೇಲೆ ಗುಂಡು ಹಾರಿತು. ಇದು ಶಾಲೆಯ ಪುಸ್ತಕದಲ್ಲಿ ಇದೆ.

ಅದೇ ಪ್ಲೇಗಿನ ಇನ್ನೊಂದು ಚಿತ್ರ ನಮ್ಮವರ ಮನೆಗಳಲ್ಲಿ ಇದೆ. ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾಕ್ಟರ್ ಯಶವಂತ ಹಡಪಸರದ ಹತ್ತಿರ ಪ್ಲೇಗ್ ರೋಗಿಗಳಿಗೆ ದವಾಖಾನೆ ತೆರೆದಿದ್ದರು. ಮುಂಢ್ವಾದ ಮಹಾರವಾಡದ ಪಾಂಡುರಂಗ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ತಗುಲಿದಾಗ ಸಾವಿತ್ರಿಬಾಯಿ ಅವನನ್ನು ತಮ್ಮ ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಅವರಿಗೂ ರೋಗ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಒಂದೇ ವರ್ಷ, ಒಂದೇ ಊರು, ಒಂದೇ ರೋಗ. ಒಬ್ಬರು ಬಾಗಿಲು ಮುರಿದು ಹುಡುಕಿದರು, ಇನ್ನೊಬ್ಬರು ಮುಟ್ಟಬಾರದವರ ಓಣಿಗೆ ಹೋಗಿ ಹೊತ್ತು ತಂದರು. ಆಮೇಲೆ ಬಂದ ಪ್ರತಿ ರೋಗದಲ್ಲೂ ಈ ಎರಡು ದಾರಿಗಳು ಕಾಣುತ್ತವೆ.

1986: ಮದ್ರಾಸಿನ ಆರು ಮಾದರಿಗಳು

1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐದು ಯುವಕರ ವಿಚಿತ್ರ ನ್ಯುಮೋನಿಯಾದ ಸುದ್ದಿ ಪ್ರಕಟವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. 1985ರಲ್ಲಿ ರಕ್ತ ತಪಾಸಣೆಯ ಎಲೈಜಾ ಕಿಟ್ ಬಂತು. ನಮ್ಮ ದೇಶದಲ್ಲಿ ಈ ರೋಗ ಇಲ್ಲವೇ ಇಲ್ಲ ಅಂತ ದೊಡ್ಡವರು ಹೇಳುತ್ತಿದ್ದ ಕಾಲ ಅದು.

1986ರಲ್ಲಿ ಮದ್ರಾಸಿನಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ಸೂಕ್ಷ್ಮಜೀವಶಾಸ್ತ್ರದ ವಿದ್ಯಾರ್ಥಿನಿ ತಮ್ಮ ಗುರು ಡಾಕ್ಟರ್ ಸುನೀತಿ ಸಾಲೊಮನ್ ಅವರ ಸಲಹೆಯಂತೆ ರಕ್ತದ ಮಾದರಿ ಸಂಗ್ರಹಿಸಲು ಹೊರಟರು. ಪೊಲೀಸರು ಹಿಡಿದು ತಂದು ಇಟ್ಟಿದ್ದ ಲೈಂಗಿಕ ಕಾರ್ಮಿಕ ಮಹಿಳೆಯರ ರಕ್ತ ಅದು. ಮಾದರಿಗಳನ್ನು ಇಡಲು ಸೌಕರ್ಯ ಇರಲಿಲ್ಲ, ಮನೆಯ ಫ್ರಿಜ್ಜಿನಲ್ಲೇ ಇಟ್ಟರು. ತಪಾಸಣೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ರಾತ್ರಿ ರೈಲಿನಲ್ಲಿ ಒಯ್ದರು. ಆರು ಮಾದರಿಗಳು ಪಾಸಿಟಿವ್ ಬಂದವು. ಭಾರತದಲ್ಲಿ ಎಚ್‌ಐವಿ ಇದೆ ಅಂತ ಗೊತ್ತಾದದ್ದು ಹೀಗೆ.

ಈ ಸಾಹಸವನ್ನು ನಾವು ಮೆಚ್ಚಲೇಬೇಕು. ಆದರೆ ಇದರೊಳಗೆ ಇನ್ನೆರಡು ಸಂಗತಿಗಳಿವೆ. ಅವನ್ನು ನಿರ್ಮಲಾ ಅವರೇ ಎಷ್ಟೋ ವರ್ಷದ ಮೇಲೆ ಹೇಳಿದ್ದಾರೆ. ರಕ್ತ ತೆಗೆಯುವಾಗ ಅವರ ಕೈಗೆ ಗ್ಲೌಸ್ ಇರಲಿಲ್ಲ. ರಕ್ತ ಕೊಟ್ಟ ಹೆಣ್ಣುಮಕ್ಕಳಿಗೆ ಇದು ಯಾವ ರೋಗದ ತಪಾಸಣೆ ಅಂತ ತಿಳಿಸಿರಲಿಲ್ಲ. ನೋಡ್ರಿ, ಟೇಬಲ್ಲಿನ ಈ ಕಡೆ ಕೂತವರಿಗೆ ರಕ್ಷಣೆ ಇಲ್ಲ, ಆ ಕಡೆ ಕೂತವರಿಗೆ ಮಾಹಿತಿ ಇಲ್ಲ. ನಮ್ಮ ದೇಶದ ಎಚ್‌ಐವಿ ತಪಾಸಣೆ ಈ ಎರಡು ಕೊರತೆಗಳೊಂದಿಗೇ ಶುರುವಾಯಿತು.

ಗೋವಾದ 64 ದಿನ

ಗಡಿಯಾಚೆಯ ಕನ್ನಡಿಗರು ಬಹಳ ಮಂದಿ ದುಡಿಯುವ ಇನ್ನೊಂದು ನಾಡು ಗೋವಾ. ತಪಾಸಣೆ ಹೇಗೆ ಜೈಲಾಗಬಲ್ಲದು ಅಂತ ದೇಶಕ್ಕೆ ಗೊತ್ತಾದದ್ದು ಅಲ್ಲಿ. ಡೊಮಿನಿಕ್ ಡಿಸೋಜಾ ಎಂಬ ಯುವಕ ಆಗಾಗ ರಕ್ತದಾನ ಮಾಡುತ್ತಿದ್ದ. 1989ರಲ್ಲಿ ಅವನ ರಕ್ತದಲ್ಲಿ ಎಚ್‌ಐವಿ ಕಂಡಿತು. ಅವನನ್ನು ಕರೆದು ಕೂರಿಸಿ ವಿಷಯ ತಿಳಿಸಬೇಕಿತ್ತು. ಪೊಲೀಸರು ಬಂದು ಕರೆದೊಯ್ದರು. ಹಳೆಯ ಟಿ.ಬಿ. ಆಸ್ಪತ್ರೆಯೊಂದರಲ್ಲಿ ಕಾವಲು ಹಾಕಿ 64 ದಿನ ಒಬ್ಬನನ್ನೇ ಇಟ್ಟರು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಹಾಗೆ ಮಾಡಲು ಅಧಿಕಾರ ಕೊಟ್ಟಿತ್ತು. ಅವನ ತಾಯಿ ಲೂಸಿ ಡಿಸೋಜಾ ಮುಂಬೈ ಹೈಕೋರ್ಟಿಗೆ ಹೋದರು. ಡೊಮಿನಿಕ್ ಹೊರಗೆ ಬಂದ, ಆದರೆ ಕಾಯ್ದೆ ಸರಿಯಿದೆ ಅಂತಲೇ ಕೋರ್ಟು ಹೇಳಿತು.

ರಕ್ತದಾನ ಮಾಡಿದವನಿಗೆ ಸಿಕ್ಕ ಬಹುಮಾನ ಇದಾದರೆ ತಪಾಸಣೆಗೆ ಯಾರು ಮುಂದೆ ಬಂದಾರು? ಡೊಮಿನಿಕ್ ಸುಮ್ಮನೆ ಕೂರಲಿಲ್ಲ. ತನ್ನಂಥವರಿಗಾಗಿ ಸಂಘಟನೆ ಕಟ್ಟಿ, 1992ರಲ್ಲಿ ತೀರಿಕೊಂಡ. ಅವನ ಮೊಕದ್ದಮೆಯಿಂದಲೇ ಈ ಹೋರಾಟಕ್ಕೆ ಬಂದ ವಕೀಲರು ಮುಂದೆಯೂ ಬಿಡಲಿಲ್ಲ. 1997ರಲ್ಲಿ ಅದೇ ಮುಂಬೈ ಹೈಕೋರ್ಟು, ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ಕೂಲಿ ಕಾರ್ಮಿಕನೊಬ್ಬನಿಗೆ ಕೆಲಸ ನಿರಾಕರಿಸುವುದು ತಪ್ಪು ಅಂತ ತೀರ್ಪು ಕೊಟ್ಟಿತು. ಆ ಕಾರ್ಮಿಕ ತನ್ನ ಹೆಸರು ಹೊರಗೆ ಬಾರದಂತೆ, ಬರೀ ಅಕ್ಷರಗಳ ಹೆಸರಿನಲ್ಲಿ ಮೊಕದ್ದಮೆ ನಡೆಸಲು ಕೋರ್ಟು ಒಪ್ಪಿತು. ಬಡವನ ಗುಟ್ಟಿಗೂ ಬೆಲೆ ಇದೆ ಅಂತ ನ್ಯಾಯಾಲಯ ಒಪ್ಪಿಕೊಂಡ ದಿನ ಅದು.

ಮೊದಲು ಮಾತು, ಆಮೇಲೆ ಸೂಜಿ

ನಮ್ಮ ಸಾಂಗ್ಲಿ ಜಿಲ್ಲೆಗೂ ಈ ಇತಿಹಾಸದಲ್ಲಿ ದೊಡ್ಡ ಪಾಲಿದೆ. 1992ರಲ್ಲಿ ಸಾಂಗ್ಲಿಯಲ್ಲಿ ಸಂಗ್ರಾಮ್ ಸಂಸ್ಥೆ ಶುರುವಾಯಿತು. 1996ರಲ್ಲಿ ಅಲ್ಲಿಯ ಲೈಂಗಿಕ ಕಾರ್ಮಿಕ ಮಹಿಳೆಯರೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಕಟ್ಟಿಕೊಂಡರು. ಅವರಲ್ಲಿ ಕನ್ನಡ ಮಾತಾಡುವವರು, ದೇವದಾಸಿಯರು ಬಹಳ ಮಂದಿ. ನಮ್ಮನ್ನು ರೋಗ ಹರಡುವವರು ಅಂತ ನೋಡಬೇಡಿ, ರೋಗ ತಡೆಯುವ ಕೆಲಸ ನಮ್ಮ ಕೈಗೆ ಕೊಡಿ ಅಂತ ಅವರು ಕೇಳಿದರು. ಹೊರಗಿನವರು ಬಂದು ಬುದ್ಧಿ ಹೇಳುವುದಕ್ಕಿಂತ ಓಣಿಯ ಅಕ್ಕನೇ ಬಂದು ಹೇಳಿದರೆ ಮಾತು ನಾಟುತ್ತದೆ ಅಂತ ಮಾಡಿ ತೋರಿಸಿದರು.

ಮದ್ರಾಸಿನ ಸುನೀತಿ ಸಾಲೊಮನ್ ಅವರೂ 1993ರಲ್ಲಿ ಸರಕಾರಿ ಕೆಲಸ ಬಿಟ್ಟು, ತಪಾಸಣೆಯ ಜೊತೆಗೆ ಸಮಾಲೋಚನೆ ಕೊಡುವ ಕೇಂದ್ರ ತೆರೆದರು. ನಿಧಾನಕ್ಕೆ ಸರಕಾರವೂ ಈ ದಾರಿಗೆ ಬಂತು. ಇವತ್ತು ಸರಕಾರಿ ದವಾಖಾನೆಯ ಐಸಿಟಿಸಿ ಕೋಣೆಗೆ ಹೋದರೆ ಮೊದಲು ಎದುರಾಗುವುದು ಸೂಜಿ ಅಲ್ಲ, ಸಮಾಲೋಚಕರು. ತಪಾಸಣೆ ಯಾಕೆ, ಪಾಸಿಟಿವ್ ಅಂದರೆ ಏನು, ನೆಗೆಟಿವ್ ಅಂದರೆ ಏನು ಅಂತ ತಿಳಿಸಿ, ಒಪ್ಪಿಗೆ ಪಡೆದು, ಆಮೇಲೆ ರಕ್ತ ತೆಗೆಯುತ್ತಾರೆ. ಫಲಿತಾಂಶವನ್ನು ಕೈಗೆ ಕೊಟ್ಟು ಕಳಿಸುವುದಿಲ್ಲ, ಮತ್ತೆ ಕೂರಿಸಿ ಮಾತಾಡುತ್ತಾರೆ. ಒಂದೇ ಕಿಟ್ ನಂಬಿ ಪಾಸಿಟಿವ್ ಅನ್ನುವುದಿಲ್ಲ, ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡುತ್ತಾರೆ.

ಆದರೆ ಔಷಧಿ ಇಲ್ಲದ ತಪಾಸಣೆಗೆ ಯಾರು ಬರುತ್ತಾರೆ? ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲೆ ಇದ್ದ ಔಷಧಿಯನ್ನು 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿನ ಲೆಕ್ಕಕ್ಕೆ ಇಳಿಸಿತು. 2004ರ ಏಪ್ರಿಲ್ 1ರಂದು ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡ್ ಮತ್ತು ದೆಹಲಿಯಲ್ಲಿ ಎಂಟು ಕೇಂದ್ರಗಳಿಂದ ಉಚಿತ ಎಆರ್‌ಟಿ ಶುರುವಾಯಿತು. 2017ರಿಂದ ಪಾಸಿಟಿವ್ ಬಂದ ಕೂಡಲೇ ಗುಳಿಗೆ ಶುರು. ಮೊದಲಿನ ಹಾಗೆ ಸಿಡಿ4 ಎಣಿಕೆ ಬೀಳುವ ತನಕ ಕಾಯಬೇಕಿಲ್ಲ.

ಅದೇ 2017ರಲ್ಲಿ ಎಚ್‌ಐವಿ ಏಡ್ಸ್ ಕಾಯ್ದೆ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಒಪ್ಪಿಗೆ ಇಲ್ಲದೆ ತಪಾಸಣೆ ಮಾಡುವಂತಿಲ್ಲ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಕೆಲಸ, ಶಾಲೆ, ಬಾಡಿಗೆ ಮನೆ, ದವಾಖಾನೆ ಎಲ್ಲೂ ಭೇದ ಮಾಡುವಂತಿಲ್ಲ. ಇದರ 19ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ದವಾಖಾನೆಯ ಸಿಬ್ಬಂದಿಗೆ ಗ್ಲೌಸ್ ಮುಂತಾದ ರಕ್ಷಣೆ, ತರಬೇತಿ, ಸೂಜಿ ಚುಚ್ಚಿದರೆ ತಡೆ ಔಷಧಿ ಕೊಡುವುದು ಸಂಸ್ಥೆಯ ಜವಾಬ್ದಾರಿ. 1986ರಲ್ಲಿ ಟೇಬಲ್ಲಿನ ಎರಡೂ ಕಡೆ ಇದ್ದ ಕೊರತೆಗೆ ಕಾಯ್ದೆ ಉತ್ತರ ಕೊಟ್ಟದ್ದು 31 ವರ್ಷದ ಮೇಲೆ.

2020: ಎಸ್‌ಟಿ ನಿಂತಾಗ

ಇಷ್ಟು ಕಟ್ಟಿಕೊಂಡ ಹೊತ್ತಿಗೆ ಕೊರೊನಾ ಬಂತು. 2020ರ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಪ್ರಕರಣ. ಮಾರ್ಚ್ ಕೊನೆಯ ವಾರದಲ್ಲಿ ನಮ್ಮದೇ ಜಿಲ್ಲೆಯ ಇಸ್ಲಾಂಪುರದಲ್ಲಿ ಪಾಸಿಟಿವ್ ಎಣಿಕೆ ಏರಿ ಇಡೀ ರಾಜ್ಯದ ಕಣ್ಣು ಈ ಕಡೆ ತಿರುಗಿತು. ಮಾರ್ಚ್ 25ರಿಂದ ಲಾಕ್‌ಡೌನ್. ಎಸ್‌ಟಿ ನಿಂತಿತು, ರೈಲು ನಿಂತಿತು, ಕರ್ನಾಟಕದ ಗಡಿಯಲ್ಲಿ ನಾಕಾಬಂದಿ ಬಿತ್ತು.

ಆಗ ದೇಶದಲ್ಲಿ ಸುಮಾರು 23 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಎಲ್ಲ ರಾಜ್ಯಗಳಿಗಿಂತ ಹೆಚ್ಚು ಮಂದಿ ಇದ್ದದ್ದು ಮಹಾರಾಷ್ಟ್ರದಲ್ಲಿ. ಈ ಗುಳಿಗೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ವೈರಸ್ ಮತ್ತೆ ತಲೆ ಎತ್ತುತ್ತದೆ, ಔಷಧಿಗೆ ಬಗ್ಗದ ಹಾಗೆ ಆಗುತ್ತದೆ. ಎಷ್ಟೋ ಮಂದಿ ಊರಲ್ಲಿ ಗೊತ್ತಾಗಬಾರದು ಅಂತ ಹತ್ತಿರದ ಕೇಂದ್ರ ಬಿಟ್ಟು ದೂರದ ಊರಿನಲ್ಲಿ ಗುಳಿಗೆ ತರುತ್ತಾರೆ. ಲಾಕ್‌ಡೌನ್‌ನಲ್ಲಿ ಪೊಲೀಸ ತಡೆದು ಎಲ್ಲಿಗೆ, ಯಾವ ರೋಗಕ್ಕೆ ಅಂತ ಕೇಳಿದರೆ ಏನು ಹೇಳಬೇಕು? ಹಸಿರು ಪುಸ್ತಕ ತೋರಿಸಿದರೆ ಗುಟ್ಟು ರಟ್ಟು, ತೋರಿಸದಿದ್ದರೆ ಲಾಠಿ.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನಾಕೋ ಬೇಗನೆ ಎಚ್ಚೆತ್ತಿತು. ಒಮ್ಮೆಗೇ ಮೂರು ತಿಂಗಳ ಗುಳಿಗೆ ಕೊಡಿ, ಊರಿಗೆ ಹೋಗಿ ಸಿಕ್ಕಿಕೊಂಡವರು ಅಲ್ಲಿಯ ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ತೆಗೆದುಕೊಳ್ಳಲಿ, ಬರಲಾಗದವರಿಗೆ ಸಮುದಾಯದ ಕಾರ್ಯಕರ್ತರ ಮೂಲಕ ಮುಟ್ಟಿಸಿ ಅಂತ ಹೇಳಿತು. ಪಾಸಿಟಿವ್ ಇರುವವರ ಸಂಘಗಳ ಕಾರ್ಯಕರ್ತರು ಬೈಕಿನಲ್ಲಿ, ಸೈಕಲ್ಲಿನಲ್ಲಿ ಗುಳಿಗೆ ಒಯ್ದು ಕೊಟ್ಟರು. ಪೊಟ್ಟಣದ ಮೇಲೆ ಏನೂ ಬರೆಯದೆ, ಮನೆಯವರಿಗೂ ತಿಳಿಯದಂತೆ ಮುಟ್ಟಿಸಬೇಕಾದ ಮನೆಗಳೂ ಇದ್ದವು.

ಒಂದೇ ಸ್ವ್ಯಾಬ್, ಎರಡು ಬದಿ

ಈಗ ತಪಾಸಣೆಗೆ ಬರೋಣ. ಎಚ್‌ಐವಿ ಗಾಳಿಯಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ. ಹಾಗಾಗಿ ಎಚ್‌ಐವಿ ದವಾಖಾನೆಯಲ್ಲಿ ತಪಾಸಣೆ ಅಂದರೆ ರೋಗಿಯ ತಪಾಸಣೆ. ಆ ಕಡೆ ಕೂತ ಡಾಕ್ಟರು, ನರ್ಸ್‌ಬಾಯಿ, ಸಮಾಲೋಚಕರು, ಲ್ಯಾಬಿನವರು, ಗುಳಿಗೆ ಕೊಡುವವರು ಕೇಳುವವರು, ಈ ಕಡೆಯವನು ಹೇಳುವವನು. ಕೊರೊನಾ ಈ ಲೆಕ್ಕವನ್ನೇ ತಿರುಗಿಸಿತು. ಈಗ ರೋಗಿಯಿಂದ ಸಿಬ್ಬಂದಿಗೆ ಬರಬಹುದು, ಸಿಬ್ಬಂದಿಯಿಂದ ರೋಗಿಗೂ ಬರಬಹುದು. ದಿನಕ್ಕೆ ಹತ್ತಾರು, ಕೆಲವು ಕಡೆ ನೂರಾರು ಮಂದಿ ಬರುವ ಸಣ್ಣ ಕೋಣೆ. ಬರುವವರಲ್ಲಿ ರೋಗನಿರೋಧಕ ಶಕ್ತಿ ಕುಂದಿದವರು ಇದ್ದಾರೆ. ಅಲ್ಲಿ ಒಬ್ಬ ಸಿಬ್ಬಂದಿಗೆ ಗೊತ್ತಿಲ್ಲದೆ ಕೊರೊನಾ ಇದ್ದರೆ ಏನಾದೀತು, ಯೋಚಿಸಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮೊದಮೊದಲು ಹೊರದೇಶದಿಂದ ಬಂದವರಿಗೆ, ಅವರ ಸಂಪರ್ಕದವರಿಗೆ ಮಾತ್ರ ತಪಾಸಣೆ ಅಂದಿತ್ತು. ಮಾರ್ಚ್ 20ರ ಪಟ್ಟಿಯಲ್ಲಿ ಲಕ್ಷಣ ಇರುವ ಆರೋಗ್ಯ ಸಿಬ್ಬಂದಿ ಸೇರಿದರು. ಜೂನ್ 14ರಂದು ಅರ್ಧ ಗಂಟೆಯೊಳಗೆ ಫಲಿತಾಂಶ ಕೊಡುವ ಆಂಟಿಜೆನ್ ತಪಾಸಣೆಗೆ ಒಪ್ಪಿಗೆ ಸಿಕ್ಕಿತು. ಆ ಸೂಚನೆಯಲ್ಲಿ, ಲಕ್ಷಣ ಇಲ್ಲದಿದ್ದರೂ ತಪಾಸಣೆ ಮಾಡಬಹುದಾದ, ದವಾಖಾನೆಗೆ ದಾಖಲಾಗುವ ರೋಗಿಗಳ ಪಟ್ಟಿಯಲ್ಲಿ ಎಚ್‌ಐವಿ ಇರುವವರ ಹೆಸರು ಸ್ಪಷ್ಟವಾಗಿ ಇತ್ತು. ಹೀಗೆ ಮೂರು ತಿಂಗಳ ಅಂತರದಲ್ಲಿ ಟೇಬಲ್ಲಿನ ಎರಡೂ ಕಡೆಯವರು ಒಂದೇ ತಪಾಸಣೆಗೆ ಬಂದರು. ಸೆಪ್ಟೆಂಬರ್ 4ರ ಸೂಚನೆಯ ಮೇಲೆ, ಕೇಳಿದವರಿಗೂ ತಪಾಸಣೆ ಮಾಡುವ ದಾರಿ ತೆರೆಯಿತು.

ಎಆರ್‌ಟಿ ಕೇಂದ್ರಕ್ಕೆ ಕೆಮ್ಮು, ಜ್ವರದ ಪ್ರಶ್ನೆ ಹೊಸದಾಗಿರಲಿಲ್ಲ. ಟಿ.ಬಿ.ಯ ಸಲುವಾಗಿ ಪ್ರತಿ ಭೇಟಿಯಲ್ಲೂ ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರು ಬರುತ್ತದಾ ಅಂತ ನಾಲ್ಕು ಪ್ರಶ್ನೆ ಕೇಳುವ ರೂಢಿ ಇತ್ತು. ಈಗ ಅದೇ ಕೆಮ್ಮು ಟಿ.ಬಿ. ಇರಬಹುದು, ಕೊರೊನಾ ಇರಬಹುದು, ಎರಡೂ ಇರಬಹುದು. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಜೀವಕ್ಕೆ ಕುತ್ತು. ಅದಕ್ಕೇ 2020ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಟಿ.ಬಿ. ಮತ್ತು ಕೊರೊನಾ ಎರಡನ್ನೂ ಒಟ್ಟಿಗೆ ತಪಾಸಣೆ ಮಾಡಿ ಅಂತ ಹೇಳಿತು. ಆದರೂ ನಷ್ಟ ಆಗಿಯೇ ಆಯಿತು. 2019ರಲ್ಲಿ ದೇಶದಲ್ಲಿ ದಾಖಲಾದ ಟಿ.ಬಿ. ರೋಗಿಗಳು ಸುಮಾರು 24 ಲಕ್ಷ, 2020ರಲ್ಲಿ 18 ಲಕ್ಷ. ಟಿ.ಬಿ. ಕಡಿಮೆಯಾದದ್ದಲ್ಲ, ದವಾಖಾನೆಗೆ ಬಂದವರು ಕಡಿಮೆಯಾದದ್ದು.

ಸಿಬ್ಬಂದಿಯ ಕಡೆ ನೋಡಿದರೆ ಒಂದು ಲೆಕ್ಕ ನಮಗೆ ಹತ್ತಿರದ್ದು. ಐಸಿಎಂಆರ್ ದೇಶದ 70 ಜಿಲ್ಲೆಗಳಲ್ಲಿ ರಕ್ತದ ಸಮೀಕ್ಷೆ ನಡೆಸಿತು, ಅದರಲ್ಲಿ ನಮ್ಮ ಸಾಂಗ್ಲಿಯೂ ಒಂದು. ಡಿಸೆಂಬರ್ 2020, ಜನವರಿ 2021ರ ಮೂರನೇ ಸುತ್ತಿನಲ್ಲಿ ದೇಶದ ವಯಸ್ಕರಲ್ಲಿ ಶೇ. 21.4 ಮಂದಿಗೆ ಕೊರೊನಾ ಬಂದು ಹೋದ ಗುರುತು ಸಿಕ್ಕಿತು. ಆರೋಗ್ಯ ಸಿಬ್ಬಂದಿಯಲ್ಲಿ ಅದು ಶೇ. 25.7. ಅಂದರೆ ನಾಲ್ಕರಲ್ಲಿ ಒಬ್ಬರು. ಈ ಸಿಬ್ಬಂದಿ ಅಂದರೆ ಬರೀ ಡಾಕ್ಟರರಲ್ಲ. ಎಚ್‌ಐವಿ ಕಾರ್ಯಕ್ರಮದ ಸಮಾಲೋಚಕರು, ಲ್ಯಾಬ್ ತಂತ್ರಜ್ಞರು ಹೆಚ್ಚಿನವರು ಕರಾರಿನ ಮೇಲೆ ದುಡಿಯುವವರು, ಅವರಲ್ಲಿ ಎಷ್ಟೋ ಮಂದಿಯನ್ನು ಕೊರೊನಾ ಕೆಲಸಕ್ಕೂ ಹಾಕಿದರು. ಕೋಣೆ ಒರೆಸುವವರು, ಕಸದ ಚೀಲ ಹೊರುವವರು ಯಾವ ಓಣಿಯವರು ಅಂತ ನಿಮಗೆ ಹೇಳಬೇಕಿಲ್ಲ. ಮನೆ ಮನೆಗೆ ತಿರುಗಿದ ಆಶಾ ತಾಯಂದಿರು 2021ರ ಜೂನ್‌ನಲ್ಲಿ ಸಂಭಾವನೆಗಾಗಿ ಮಹಾರಾಷ್ಟ್ರದ ತುಂಬ ಸಂಪು ಹೂಡಬೇಕಾಯಿತು.

ಎಚ್‌ಐವಿ ಇರುವವರಿಗೆ ಕೊರೊನಾ ಹೆಚ್ಚು ಅಪಾಯವೇ ಅಂತ ಆಗ ದೊಡ್ಡ ಚರ್ಚೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸುತ್ತಿನ ಪ್ರಾಂತದಲ್ಲಿ ಲಕ್ಷಗಟ್ಟಲೆ ದಾಖಲೆ ನೋಡಿ, ಎಚ್‌ಐವಿ ಇರುವವರಿಗೆ ಕೊರೊನಾದಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟು ಅಂತ 2020ರಲ್ಲಿ ತಿಳಿಸಿದರು. ಅದೇ ದೇಶದಲ್ಲಿ ಎಚ್‌ಐವಿ ಹತೋಟಿಗೆ ಬಾರದ ಒಬ್ಬ ಮಹಿಳೆಯ ದೇಹದಲ್ಲಿ ಕೊರೊನಾ 216 ದಿನ ಉಳಿದು, ಒಳಗೊಳಗೇ ರೂಪ ಬದಲಿಸುತ್ತ ಹೋಯಿತು. ಸರಿಯಾದ ಎಚ್‌ಐವಿ ಔಷಧಿ ಸಿಕ್ಕ ಮೇಲೆ ಅದು ಹೋಯಿತು. ಇದರ ಅರ್ಥ ಎಚ್‌ಐವಿ ಇರುವವರಿಂದ ದೂರ ಓಡಿ ಅಂತ ಅಲ್ಲ. ಒಬ್ಬರಿಗೆ ಗುಳಿಗೆ ತಪ್ಪಿದರೆ ಅದು ಎಲ್ಲರ ಆರೋಗ್ಯದ ಪ್ರಶ್ನೆ ಅಂತ.

ಮಶೀನಿನ ನೆಂಟಸ್ತನ

ಇಲ್ಲೊಂದು ವಿಜ್ಞಾನದ ಮಾತು. ಆರ್‌ಟಿ-ಪಿಸಿಆರ್ ಅಂತ ಎಲ್ಲರ ಬಾಯಲ್ಲೂ ಬಂತು. ಆ ಆರ್‌ಟಿ ಅಂದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್, ಆರ್‌ಎನ್‌ಎಯನ್ನು ತಿರುಗಿಸಿ ಡಿಎನ್‌ಎ ಮಾಡುವುದು. ಹಾಗೆ ತಿರುಗಿಸುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಎಚ್‌ಐವಿ ನಮ್ಮ ಜೀವಕೋಶದಲ್ಲಿ ಮನೆ ಮಾಡುವುದು ಇಂಥದೇ ಕಿಣ್ವದಿಂದ. ಎಆರ್‌ಟಿ ಗುಳಿಗೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ತಡೆಯುವುದು ಅದನ್ನೇ. ಒಂದು ರೋಗದಲ್ಲಿ ಶತ್ರುವಾದ ಕಿಣ್ವ ಇನ್ನೊಂದು ರೋಗದ ತಪಾಸಣೆಗೆ ಸಾಧನ.

ಮಶೀನುಗಳೂ ಹಾಗೇ. ಕೊರೊನಾ ತಪಾಸಣೆಗೆ ಲ್ಯಾಬ್ ಸಾಲದಾದಾಗ ಟಿ.ಬಿ. ನೋಡುವ ಸಿಬಿನ್ಯಾಟ್, ಗೋವಾದ ಕಂಪನಿಯ ಟ್ರೂನ್ಯಾಟ್ ಮಶೀನುಗಳನ್ನೇ ಬಳಸಿದರು. ಎಷ್ಟೋ ಕಡೆ ಎಚ್‌ಐವಿ ವೈರಲ್ ಲೋಡ್ ನೋಡುವ ಮಶೀನುಗಳೂ ಕೊರೊನಾ ಕೆಲಸಕ್ಕೆ ಹೋದವು. ಎಚ್‌ಐವಿ ಮತ್ತು ಟಿ.ಬಿ. ರೋಗಿಗಳ ಸಲುವಾಗಿ ಕಟ್ಟಿದ ವ್ಯವಸ್ಥೆ ಇಡೀ ದೇಶದ ಕೈ ಹಿಡಿಯಿತು. ಯಾರನ್ನು ದೂರ ಇಟ್ಟಿದ್ದೆವೋ ಅವರ ದವಾಖಾನೆಯ ಸಾಮಾನು ಎಲ್ಲರಿಗೂ ಬೇಕಾಯಿತು. ಆ ಹೊತ್ತಿನಲ್ಲಿ ಅವರ ಸ್ವಂತ ವೈರಲ್ ಲೋಡ್ ತಪಾಸಣೆ ತಡವಾದದ್ದನ್ನೂ ಬರೆದಿಡಬೇಕು.

ಕಾಗದದ ಭಯ

ತಪಾಸಣೆಗಿಂತ ತಪಾಸಣೆಯ ಸುದ್ದಿಗೆ ಜನ ಹೆದರಿದರು. 2020ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲಿ ಮನೆಯಲ್ಲೇ ಇರಬೇಕಾದವರ ಎಡಗೈ ಮೇಲೆ ಶಿಕ್ಕಾ ಒತ್ತಿದರು. ದೇಶದ ಬಹಳ ಕಡೆ ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ಅಂಥ ಮನೆಗೆ ಹಾಲು ಹಾಕುವವರೂ ಇಲ್ಲ, ನೀರು ತುಂಬಲು ಬಿಡುವವರೂ ಇಲ್ಲ. ಡಿಸೆಂಬರ್ 9ರಂದು ಸುಪ್ರೀಂ ಕೋರ್ಟು, ಅಧಿಕಾರ ಇರುವವರ ವಿಶೇಷ ಆದೇಶ ಇಲ್ಲದೆ ಪೋಸ್ಟರ್ ಅಂಟಿಸುವಂತಿಲ್ಲ ಅಂತ ಹೇಳಿತು. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿತ್ತು. ಡೊಮಿನಿಕ್ ಡಿಸೋಜಾನ ಕಾಲದಿಂದ ಎಚ್‌ಐವಿ ಕಾರ್ಯಕರ್ತರು ಹೇಳುತ್ತಾ ಬಂದದ್ದೇ ಇದು: ಹೆಸರು ಬಯಲು ಮಾಡಿದರೆ ರೋಗ ಅಡಗುತ್ತದೆ.

ಸಾಮಾಜಿಕ ಅಂತರ ಅನ್ನುವ ಮಾತೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 20ರ ಸುಮಾರಿಗೆ, ಅದನ್ನು ದೈಹಿಕ ಅಂತರ ಅಂತ ಕರೆಯೋಣ, ಮನಸ್ಸುಗಳು ದೂರ ಆಗಬಾರದು ಅಂತ ಹೇಳಿತು. ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದೂ 1927ರ ಮಾರ್ಚ್ 20ರಂದೇ. ಸಾಮಾಜಿಕ ಅಂತರ ಏನು ಅಂತ ನಮಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಎಚ್‌ಐವಿ ಇರುವವರಿಗೆ ಲಸಿಕೆಯಲ್ಲೂ ಕಾಗದದ ಭಯ ಕಾಡಿತು. 2021ರ ಜನವರಿ 16ರಿಂದ ಆರೋಗ್ಯ ಸಿಬ್ಬಂದಿಗೆ ಲಸಿಕೆ ಶುರುವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ, ಹಾಗೂ 45ರಿಂದ 59ರವರೆಗಿನ ವಯಸ್ಸಿನವರಲ್ಲಿ 20 ಕಾಯಿಲೆಗಳ ಪಟ್ಟಿಯಲ್ಲಿರುವವರಿಗೆ. ಆ ಪಟ್ಟಿಯಲ್ಲಿ ಎಚ್‌ಐವಿಯೂ ಇತ್ತು. ಒಳ್ಳೆಯದೇ. ಆದರೆ ಡಾಕ್ಟರರ ಸರ್ಟಿಫಿಕೇಟ್ ತರಬೇಕು. ಊರಿನ ದವಾಖಾನೆಯ ಸಾಲಿನಲ್ಲಿ, ಪರಿಚಯದವರ ನಡುವೆ, ಎಚ್‌ಐವಿ ಅಂತ ಬರೆದ ಕಾಗದ ತೆಗೆದು ತೋರಿಸಲು ಎಷ್ಟು ಮಂದಿಗೆ ಧೈರ್ಯ ಬಂದೀತು? ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಅಂದ ಮೇಲೆ ಆ ಕಾಗದ ಬೇಕಾಗಲಿಲ್ಲ. ಹಕ್ಕು ಕೊಟ್ಟರೂ ಅದನ್ನು ಪಡೆಯುವ ದಾರಿಯಲ್ಲಿ ಅವಮಾನ ಕೂತಿದ್ದರೆ ಆ ಹಕ್ಕು ಅರ್ಧ ಮಾತ್ರ.

ನಮ್ಮ ಸಂಘ ಮಾಡಬಹುದಾದದ್ದು

ಇತಿಹಾಸ ಓದಿ ಮುಚ್ಚಿಡುವುದಕ್ಕಲ್ಲ. ನಮ್ಮ ಸಂಘ ಜಯಂತಿ ಮಾಡುತ್ತದೆ, ಪುಸ್ತಕ ಹಂಚುತ್ತದೆ, ಕ್ರಿಕೆಟ್ ಪಂದ್ಯ ನಡೆಸುತ್ತದೆ. ಜೊತೆಗೆ ಇಷ್ಟು ಮಾಡಲು ರೊಕ್ಕ ಬೇಕಿಲ್ಲ.

ಎಚ್‌ಐವಿ ಬಗ್ಗೆ ಯಾವ ಮಾಹಿತಿ ಬೇಕಿದ್ದರೂ 1097ಕ್ಕೆ ಫೋನ್ ಮಾಡಬಹುದು, ಪುಕ್ಕಟೆ, ಹೆಸರು ಹೇಳಬೇಕಿಲ್ಲ. ಈ ನಂಬರು ಓಣಿಯ ಪ್ರತಿ ಹುಡುಗ ಹುಡುಗಿಗೆ ಗೊತ್ತಿರಲಿ. ಗರ್ಭಿಣಿಯರು, ಟಿ.ಬಿ. ಇರುವವರು ಎಚ್‌ಐವಿ ತಪಾಸಣೆ ಮಾಡಿಸಿಕೊಳ್ಳುವಂತೆ ಹೇಳೋಣ. ತಾಯಿಗೆ ಮೊದಲೇ ಗುಳಿಗೆ ಶುರುವಾದರೆ ಮಗುವನ್ನು ಉಳಿಸಿಕೊಳ್ಳಬಹುದು. ಗುಳಿಗೆ ತಪ್ಪದೆ ತಗೊಳ್ಳುವವರು ಎಲ್ಲರಂತೆ ದುಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ. ಯಾರಿಗೆ ಇದೆ ಅಂತ ಊಹೆ ಮಾಡುವ ಕೆಲಸ ನಮಗೆ ಬೇಡ. ಗೊತ್ತಾದರೂ ಬಾಯಿ ಬಿಡಬಾರದು, ಅದು ಕಾಯ್ದೆಯ ಮಾತು ಮಾತ್ರವಲ್ಲ, ಓಣಿಯ ಮರ್ಯಾದೆ.

ದವಾಖಾನೆಯ ಟೇಬಲ್ಲಿನ ಆಚೆ ಕೂತ ಕರಾರು ನೌಕರರು, ಆಶಾ ತಾಯಂದಿರು, ಸಫಾಯಿ ಕಾಮಗಾರರು ಪಗಾರಕ್ಕಾಗಿ, ಗ್ಲೌಸಿಗಾಗಿ ದನಿ ಎತ್ತಿದಾಗ ಅವರ ಜೊತೆ ನಿಲ್ಲೋಣ. ಅವರ ರಕ್ಷಣೆ ನಮ್ಮ ರೋಗಿಯ ರಕ್ಷಣೆ ಕೂಡ ಅಂತ ಕೊರೊನಾ ಕಾಲ ತೋರಿಸಿದೆ.

ಮುಂದೆ ಇನ್ನೊಂದು ರೋಗ ಬಂದೇ ಬರುತ್ತದೆ. ಅವತ್ತು ನಮ್ಮ ಓಣಿಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಬಾಗಿಲಿಗೆ ಪೋಸ್ಟರ್ ಬೀಳುವ ಮೊದಲು ಒಂದು ಕೊಡ ನೀರು, ಒಂದು ಊಟದ ಡಬ್ಬಿ ಆ ಬಾಗಿಲಿಗೆ ಮುಟ್ಟಲಿ. ಸಾವಿತ್ರಿಬಾಯಿಯಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿರಬಹುದು, ಇಷ್ಟು ಆಗುತ್ತದೆ.

ಜೈ ಭೀಮ್, ಜೈ ಸಾವಿತ್ರಿ.